ವರ್ಷಕ್ಕೊಂದು ಸೂಜಿ

ಟೆಕ್ಸಾಸಿನಿಂದ ವೈಟ್‌ಫೀಲ್ಡಿಗೆ ಮರಳಿದ ನಮ್ಮ ಪಕ್ಕದ ಮನೆಯ ಹುಡುಗಿ ತನ್ನ ನಾಯಿಯನ್ನೂ ವಿಮಾನದಲ್ಲಿ ಕರೆತಂದಳು. ಮಗುವಿನ ಲಸಿಕೆಯ ಕಾರ್ಡಿನಂಥ ಒಂದು ಪುಸ್ತಕವೂ ಅದರ ಜೊತೆಗೆ ಬಂತು. ಒಂದು ಸಂಜೆ ಆ ಪುಸ್ತಕ ಹಿಡಿದು ಬಂದವಳು, "ಆಂಟಿ, ಹಾರ್ಟ್‌ವರ್ಮ್ ಇಂಜೆಕ್ಷನ್ನಿನ ಅವಧಿ ಮುಗೀತಾ ಬಂತು. ಇಲ್ಲೂ ಹಾಕಿಸಬೇಕಾ? ಅದರಿಂದ ನಾಯಿಗಳು ಸತ್ತಿವೆ ಅಂತಲೂ ಹೇಳ್ತಾರೆ" ಎಂದಳು. ಮಿಕ್ಕ ಅನ್ನ ಹಾಕಿ ನಾಯಿ ಸಾಕಿದ ಕಾಲದವಳು ನಾನು. ಉತ್ತರ ಹೊಳೆಯಲಿಲ್ಲ. ಹುಡುಕಿ ಓದಲು ಕುಳಿತೆ.

ಈ ಹುಳು ಸೊಳ್ಳೆ ಕಚ್ಚಿದಾಗ ನಾಯಿಯ ಮೈಸೇರುತ್ತದೆ. ಸುಮಾರು ಆರು ತಿಂಗಳಲ್ಲಿ ಬಲಿತು, ಶ್ವಾಸಕೋಶದ ರಕ್ತನಾಳಗಳಲ್ಲೂ ಹೃದಯದ ಬಲಭಾಗದಲ್ಲೂ ನೆಲೆಸುತ್ತದೆ. ಹೆಣ್ಣು ಹುಳು ಗೇಣುದ್ದಕ್ಕಿಂತ ಹೆಚ್ಚು ಬೆಳೆಯುತ್ತದೆ. ಬಲಿತ ಹುಳುವನ್ನು ಕೊಲ್ಲುವ ಚಿಕಿತ್ಸೆಯೇ ನಾಯಿಯ ಜೀವಕ್ಕೆ ಅಪಾಯವಾಗಬಹುದು. ಅದಕ್ಕೇ ಮರಿಯಾಗಿರುವಾಗಲೇ ಅದನ್ನು ಕೊಲ್ಲುವ ಔಷಧಿಗಳು ಬಂದವು.

ಮೊದಲು ಇದ್ದದ್ದು ದಿನವೂ ಕೊಡುವ ಡಿಇಸಿ ಮಾತ್ರೆ. ನಮ್ಮಲ್ಲಿ ಆನೆಕಾಲು ರೋಗಕ್ಕೆ ಮನೆಮನೆಗೆ ಬಂದು ಕೊಡುತ್ತಾರಲ್ಲ, ಅದೇ. ಜಪಾನಿನ ಮಣ್ಣಿನಲ್ಲಿ ಸತೋಶಿ ಒಮುರಾ ಕಂಡ ಸೂಕ್ಷ್ಮಜೀವಿಯಿಂದ ಐವರ್ಮೆಕ್ಟಿನ್ ಹುಟ್ಟಿತು. 1987ರಲ್ಲಿ ಅದು ಅಮೆರಿಕದ ನಾಯಿಗಳಿಗೆ ತಿಂಗಳಿಗೊಂದು ಮಾತ್ರೆಯಾಗಿ ಬಂತು. ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನವೂ ಬಂತು. ಆದರೆ ತಿಂಗಳಿಗೊಂದು ಮಾತ್ರೆಯನ್ನೂ ಜನ ಮರೆಯುತ್ತಾರೆ. ಆರು ತಿಂಗಳಿಗೆ ಒಂದೇ ಸೂಜಿ ಸಾಕಾಗುವ, ಮಾಕ್ಸಿಡೆಕ್ಟಿನ್ ಎಂಬ ಔಷಧಿಯ 'ಪ್ರೋಹಾರ್ಟ್ 6' ಅಲ್ಲಿ 2001ರಲ್ಲಿ ಬಂತು.

ಮೂರೇ ವರ್ಷಕ್ಕೆ ಎಡವಿತು. ಅಲರ್ಜಿ, ಯಕೃತ್ತಿನ ತೊಂದರೆ, ಸಾವು ಎಂದು ಐದು ಸಾವಿರಕ್ಕೂ ಹೆಚ್ಚು ದೂರುಗಳು ಔಷಧ ನಿಯಂತ್ರಣ ಸಂಸ್ಥೆಗೆ ಬಂದು, 2004ರಲ್ಲಿ ಕಂಪನಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಆದರೆ ದೂರು ಬಂದದ್ದೆಲ್ಲ ಔಷಧಿಯದೇ ತಪ್ಪು ಎನ್ನುವಂತಿಲ್ಲ. ಸೂಜಿ ಹಾಕಿಸಿಕೊಂಡ ನಾಯಿ ಬೇರೆ ಕಾರಣಕ್ಕೂ ಕಾಯಿಲೆ ಬಿದ್ದಿರಬಹುದು. 2008ರಲ್ಲಿ ಕಟ್ಟುನಿಟ್ಟಿನ ನಿಯಮಗಳೊಂದಿಗೆ ಅದು ಮತ್ತೆ ಬಂತು: ತರಬೇತಿ ಪಡೆದ ವೈದ್ಯರೇ ಹಾಕಬೇಕು, ಕಾಯಿಲೆಯ ನಾಯಿಗೆ ಕೂಡದು, ಅಪಾಯಗಳನ್ನು ಮನೆಯವರಿಗೆ ಮೊದಲೇ ತಿಳಿಸಬೇಕು. 2019ರಲ್ಲಿ ವರ್ಷಕ್ಕೊಂದರ ಸೂಜಿಗೂ ಅಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಹುಡುಗಿಯ ಪುಸ್ತಕದಲ್ಲಿದ್ದದ್ದು ಇದೇ.

ಇಷ್ಟು ಓದಿದ ಮೇಲೆ ನನ್ನ ಮನಸ್ಸಿನಲ್ಲಿ ನಿಂತದ್ದು ಒಂದೇ ಮಾತು. ದಿನದ್ದು ತಿಂಗಳಾಗಿ, ತಿಂಗಳಿನದು ವರ್ಷವಾಗಿ ನಮ್ಮ ಅನುಕೂಲ ಹೆಚ್ಚಿತು. ಕೊಟ್ಟದ್ದನ್ನು ನಿಲ್ಲಿಸುವ ಅವಕಾಶ ಅಷ್ಟೇ ಕಡಿಮೆಯಾಯಿತು. ಮಾತ್ರೆ ಒಗ್ಗದಿದ್ದರೆ ಮುಂದಿನ ತಿಂಗಳು ಕೊಡದೆ ಬಿಡಬಹುದು. ಚರ್ಮದಡಿಗೆ ಹೋದ ಔಷಧಿಯನ್ನು ವಾಪಸು ತೆಗೆಯಲಾಗದು. ಮಾತು ಆಡಿದರೆ ಹೋಯಿತು ಎಂದ ಹಾಗೆ. ಅದರಲ್ಲೂ ಇದು ಚೆನ್ನಾಗಿರುವ ನಾಯಿಗೆ ಕೊಡುವ ಮದ್ದು. ಹಾಗೆಂದು ಮರೆವಿನ ಮನೆಯಲ್ಲಿ ಮಾತ್ರೆಯೇ ಮೇಲೆನ್ನಲಾರೆ. ತಪ್ಪಿದ ಎರಡು ಮಾತ್ರೆಯೂ ಹುಳುವಿಗೆ ದಾರಿಯೇ.

ಇನ್ನು ನಮ್ಮ ಊರಿನ ಮಾತು. ಭಾರತದಲ್ಲಿ ಹೃದಯದ ಹುಳು ಹೆಚ್ಚಾಗಿ ಕಂಡುಬಂದಿರುವುದು ಈಶಾನ್ಯದ ಕಡೆ. ಬೆಂಗಳೂರಿನ ನಾಯಿಗಳಲ್ಲಿ ಪಶುವೈದ್ಯರು ಕಂಡಿರುವುದು ಅದರ ದಾಯಾದಿಯಾದ, ಚರ್ಮದಡಿ ವಾಸಿಸುವ ಡೈರೋಫಿಲೇರಿಯಾ ರಿಪೆನ್ಸ್. ಟೆಕ್ಸಾಸಿನ ಲೆಕ್ಕವನ್ನು ಇಲ್ಲಿಗೆ ಹಾಗೇ ತಂದು ಹಾಕಲಾಗದು. ಹಾಗೆಂದು ನಿಶ್ಚಿಂತೆಯೂ ಸಲ್ಲ. ವರ್ತೂರು ಕೆರೆಯ ಸುತ್ತ ಸೊಳ್ಳೆಗೆ ಬರವಿಲ್ಲ, ಐಟಿ ಕೆಲಸಕ್ಕೆ ಗುವಾಹಟಿಯಿಂದ ಬರುವವರು ನಾಯಿಯನ್ನೂ ತರುತ್ತಾರೆ. ಹುಳುವಿಗೆ ಬೇಕಾದದ್ದು ಅಷ್ಟೇ.

"ಮೊದಲು ರಕ್ತಪರೀಕ್ಷೆ, ಆಮೇಲೆ ಔಷಧಿಯ ಮಾತು" ಎಂದರು ಪಶುವೈದ್ಯರು. ಹುಳು ಇರಲಿಲ್ಲ. ವಯಸ್ಸಾದ ನಾಯಿ, ಹಿಂದೊಮ್ಮೆ ಅಲರ್ಜಿಯಿಂದ ಮುಖ ಊದಿಕೊಂಡದ್ದೂ ಇತ್ತು. ಹುಡುಗಿ ಅವರೊಡನೆ ಕೂತು ಯೋಚಿಸಿ ತಿಂಗಳ ಮಾತ್ರೆಯನ್ನೇ ಆರಿಸಿದಳು. ಈಗ ಪ್ರತಿ ಒಂದನೇ ತಾರೀಖು ಹಾಲಿನ ಲೆಕ್ಕ ಬರೆಯುವಾಗ ಗೋಡೆಯಾಚೆಗೆ ನಾನೇ ಕೂಗುತ್ತೇನೆ: "ಮಾತ್ರೆ ಕೊಟ್ಟೆಯೇನೇ?"