ಅಂಗಡಿಗೆ ‘ಡಾಟ್ ಇನ್’ ವಿಳಾಸ: ನೋಂದಣಿ ಯಾರ ಹೆಸರಲ್ಲಿದೆ ನೋಡಿಕೊಳ್ಳಿ

ವೆಬ್‌ಸೈಟ್ ವಿಳಾಸದ ಕೊನೆಗೆ ಬರುವ ‘ಡಾಟ್ ಇನ್’ ಭಾರತದ ಗುರುತು. 2005ರಿಂದ ಇದನ್ನು ಯಾರು ಬೇಕಾದರೂ ಪಡೆಯಬಹುದು. ಉಸ್ತುವಾರಿ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿಯದ್ದು. ಹೆಸರು ಕೊಡೋದು ಮಾತ್ರ ಅದರ ಮಾನ್ಯತೆ ಇರುವ ರಿಜಿಸ್ಟ್ರಾರ್ ಕಂಪನಿಗಳು. ಆನ್‌ಲೈನ್‌ನಲ್ಲೇ ಹುಡುಕಿ, ಖಾಲಿ ಇದ್ದರೆ ಹಣ ಕಟ್ಟಿ ಪಡೆಯಬಹುದು. ಮೊದಲು ಬಂದವರಿಗೆ ಹೆಸರು. ‘ಕೋ ಡಾಟ್ ಇನ್’ ಕೂಡ ಹೀಗೆಯೇ. ‘ಗವ್ ಡಾಟ್ ಇನ್’ ಸರ್ಕಾರಕ್ಕಷ್ಟೇ. ಕನ್ನಡ ಲಿಪಿಯಲ್ಲೇ ಬೇಕೆಂದರೆ ‘ಡಾಟ್ ಭಾರತ’ವೂ ಇದೆ.

ಎಡವಟ್ಟು ಆಗೋದು ಇಲ್ಲಿ. ವೆಬ್‌ಸೈಟ್ ಮಾಡಿಕೊಡುವವರು ಡೊಮೇನ್ ಅನ್ನೂ ತಮ್ಮ ಹೆಸರು, ತಮ್ಮ ಇಮೇಲ್ ಹಾಕಿ ನೋಂದಾಯಿಸಿಬಿಡುತ್ತಾರೆ. ದುಡ್ಡು ಅಂಗಡಿಯವರದ್ದು, ದಾಖಲೆಯಲ್ಲಿ ಮಾಲೀಕರು ಇನ್ನೊಬ್ಬರು! ಆಮೇಲೆ ಅವರು ಫೋನ್ ಎತ್ತದಿದ್ದರೆ ಬೋರ್ಡು, ಬಿಲ್ಲು, ಚೀಲದ ಮೇಲೆಲ್ಲ ಅಚ್ಚಾದ ವಿಳಾಸ ಕೈತಪ್ಪಿದಂತೆಯೇ. ಹಾಗಾಗಿ ರಿಜಿಸ್ಟ್ರಾರ್ ಬಳಿ ಖಾತೆ ನಿಮ್ಮದೇ ಇರಲಿ, ಓಟಿಪಿ ನಿಮ್ಮ ಮೊಬೈಲ್‌ಗೇ ಬರಲಿ. ಕೆಲಸ ಬೇರೆಯವರು ಮಾಡಲಿ, ತೊಂದರೆಯಿಲ್ಲ.

ಇದು ಒಮ್ಮೆ ಕೊಂಡು ಮರೆಯುವ ವಸ್ತುವಲ್ಲ, ಮಳಿಗೆ ಬಾಡಿಗೆ ಇದ್ದಂತೆ. ಒಂದರಿಂದ 10 ವರ್ಷದವರೆಗೆ ನೋಂದಾಯಿಸಬಹುದು. ಅವಧಿ ಮುಗಿದು ನವೀಕರಿಸದಿದ್ದರೆ ಹೆಸರು ಬೇರೆಯವರ ಪಾಲಾಗಬಹುದು. ಮೊದಲ ವರ್ಷದ ಆಫರ್ ದರಕ್ಕೆ ಮರುಳಾಗದೆ ನವೀಕರಣ ದರ ಎಷ್ಟೆಂದು ಮೊದಲೇ ಕೇಳಿ. ನಿಮ್ಮ ಟ್ರೇಡ್‌ಮಾರ್ಕ್ ಹೆಸರನ್ನು ಯಾರಾದರೂ ದುರುದ್ದೇಶದಿಂದ ಹಿಡಿದಿಟ್ಟುಕೊಂಡಿದ್ದರೆ ನಿಕ್ಸಿಗೆ ದೂರು ಕೊಡಬಹುದು, ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಅದಕ್ಕೆ ಶುಲ್ಕ ಬೇರೆ.