ಹಡಗು ಹತ್ತುವ ಮುನ್ನ ಒಂದು ಪಾಠ

1990ರ ಏಪ್ರಿಲ್ 7ರ ನಸುಕು. ನಾರ್ವೆಯ ಓಸ್ಲೋದಿಂದ ಡೆನ್ಮಾರ್ಕಿಗೆ ಹೊರಟಿದ್ದ ‘ಸ್ಕ್ಯಾಂಡಿನೇವಿಯನ್ ಸ್ಟಾರ್’ ಹಡಗಿಗೆ ಬೆಂಕಿ ಬಿತ್ತು. ಸತ್ತವರು 159 ಮಂದಿ. ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಓಣಿಗಳಲ್ಲಿ ತುಂಬಿದ ವಿಷದ ಹೊಗೆ. ಹಡಗು ಆ ಮಾರ್ಗಕ್ಕೆ ಬಂದು ಕೆಲವೇ ದಿನಗಳಾಗಿದ್ದವು. ಸಿಬ್ಬಂದಿಯಲ್ಲಿ ಅನೇಕರು ಹೊಸಬರು. ಬೆಂಕಿಯ ಕವಾಯತು ನಡೆದಿರಲಿಲ್ಲ. ಭಾಷೆಯೂ ಅಡ್ಡಿಯಾಯಿತು. ಅಡುಗೆಯವನಾಗಲಿ, ಕೋಣೆ ಗುಡಿಸುವವನಾಗಲಿ, ಆಪತ್ತಿನಲ್ಲಿ ಪ್ರಯಾಣಿಕ ನೋಡುವುದು ಅವನ ಮುಖವನ್ನೇ ಅಲ್ಲವೆ?

ನಾವಿಕರ ತರಬೇತಿಗೆ 1978ರಲ್ಲೇ ಅಂತರರಾಷ್ಟ್ರೀಯ ಒಪ್ಪಂದವಾಗಿತ್ತು. ಆದರೆ ಎಷ್ಟು ಕಲಿಸಿದರೆ ಸಾಕೆಂಬುದನ್ನು ಅದು ಬಹುಮಟ್ಟಿಗೆ ಆಯಾ ದೇಶಕ್ಕೇ ಬಿಟ್ಟಿತ್ತು. 1995ರ ತಿದ್ದುಪಡಿ ಈ ಸಡಿಲವನ್ನು ಬಿಗಿಮಾಡಿತು. ಹಡಗಿನ ಸುರಕ್ಷತೆಯಲ್ಲಿ ಹೊಣೆಯಿರುವವರೆಲ್ಲ ಬೆಂಕಿ ಆರಿಸಲು, ಪ್ರಥಮ ಚಿಕಿತ್ಸೆ ನೀಡಲು ಕಲಿಯಬೇಕು. ಜೀವರಕ್ಷಕ ಅಂಗಿ ತೊಟ್ಟು ನೀರಿಗಿಳಿದು, ಮಗುಚಿದ ತೆಪ್ಪವನ್ನು ನೆಟ್ಟಗೆ ಮಾಡಿಯೂ ತೋರಿಸಬೇಕು.