ಸಂಬಳದ ಪಟ್ಟಿಯಲ್ಲೊಂದು ಸಮರ: ಮ್ಯಾಸಚೂಸೆಟ್ಸ್ 54ನೆಯ ಪದಾತಿದಳ

ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಮ್ಯಾಸಚೂಸೆಟ್ಸ್ 54ನೆಯ ಸ್ವಯಂಸೇವಕ ಪದಾತಿದಳದ ಹೆಸರು ಬಂದೊಡನೆ 1863ರ ಜುಲೈ 18ರ ಸಂಜೆಯನ್ನು ನೆನೆಯುವುದು ವಾಡಿಕೆ. ಚಾರ್ಲ್ಸ್‌ಟನ್ ರೇವನ್ನು ಕಾಯುತ್ತಿದ್ದ ವ್ಯಾಗ್ನರ್ ಕೋಟೆಯ ಮೇಲೆ ಏರಿಹೋದ ಈ ಕಪ್ಪು ಜನಾಂಗದ ಸೈನಿಕರು ಸುಮಾರು 600 ಮಂದಿ. ಅವರಲ್ಲಿ 270ರಷ್ಟು ಜನ ಸತ್ತರು, ಗಾಯಗೊಂಡರು, ಇಲ್ಲವೆ ಸೆರೆಯಾದರು. ಇಪ್ಪತ್ತೈದರ ಹರೆಯದ ಬಿಳಿಯ ದಳಪತಿ ಕರ್ನಲ್ ರಾಬರ್ಟ್ ಗೂಲ್ಡ್ ಷಾ ಅಲ್ಲಿಯೇ ಮಡಿದನು. ಶತ್ರುಗಳು ಅವನನ್ನು ಅವನ ಸೈನಿಕರೊಡನೆ ಒಂದೇ ಗುಂಡಿಯಲ್ಲಿ ಹೂಳಿದರು. ಅದನ್ನು ಗೌರವವೆಂದೇ ಬಗೆದ ತಂದೆ, ಮಗನ ದೇಹವನ್ನು ಅಲ್ಲಿಂದ ತೆಗೆಯಬಾರದೆಂದು ಬರೆದನು.

ಆದರೆ ಆ ಕೋಟೆಗಿಂತ ದೀರ್ಘವಾದ ಸಮರ ಸಂಬಳದ ಪಟ್ಟಿಯಲ್ಲಿ ನಡೆಯಿತು. ದಳವನ್ನು ಕಟ್ಟಿದ ಗವರ್ನರ್ ಜಾನ್ ಆಂಡ್ರೂ, ಬಿಳಿಯರಿಗೆ ಸಲ್ಲುವ ವೇತನವೇ ಇವರಿಗೂ ಸಲ್ಲುವುದೆಂದು ಮಾತು ಕೊಟ್ಟಿದ್ದನು. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಬಟ್ಟೆಯ ಭತ್ಯೆ ಬೇರೆ. ಒಕ್ಕೂಟ ಸರ್ಕಾರವಾದರೋ 1862ರ ಮಿಲಿಷಿಯಾ ಶಾಸನವನ್ನು ಮುಂದೊಡ್ಡಿ ಇವರಿಗೆ 10 ಡಾಲರ್ ಗೊತ್ತುಮಾಡಿತು. ಅದರಲ್ಲಿಯೂ ಬಟ್ಟೆಗೆಂದು 3 ಮುರಿದು, ಕೈಗೆ ಬರುವುದು 7. ಸೈನಿಕರು ಅದನ್ನು ಮುಟ್ಟಲಿಲ್ಲ. ಕೊರತೆಯನ್ನು ತಾನೇ ತುಂಬಿಕೊಡುವೆನೆಂದು ಮ್ಯಾಸಚೂಸೆಟ್ಸ್ ಸಂಸ್ಥಾನ ಮುಂದೆ ಬಂದಾಗಲೂ ಒಲ್ಲೆವೆಂದರು. ಹಣ ಎಲ್ಲಿಂದ ಬಂದರೇನು ಎಂದು ಲೆಕ್ಕಿಗನು ಕೇಳಿಯಾನು. ಸಂಸ್ಥಾನದ ಹಣದಿಂದ ಜೇಬು ತುಂಬುತ್ತಿತ್ತು, ನಿಜ. ಒಕ್ಕೂಟದ ಪುಸ್ತಕದಲ್ಲಿ ಮಾತ್ರ ಅವರ ಬೆಲೆ ಏಳೇ ಆಗಿ ನಿಲ್ಲುತ್ತಿತ್ತು. ಅತ್ತ ಊರುಗಳಲ್ಲಿ ಹೆಂಡಿರು ಮಕ್ಕಳು ಬವಣೆಪಡುತ್ತಿದ್ದುದನ್ನು ನೆನೆದರೆ ಈ ಹಠದ ತೂಕ ತಿಳಿಯುತ್ತದೆ.

1863ರ ಸೆಪ್ಟೆಂಬರಿನಲ್ಲಿ ಜೇಮ್ಸ್ ಹೆನ್ರಿ ಗುಡಿಂಗ್ ಎಂಬ ಕಾರ್ಪೊರಲ್ ನೇರವಾಗಿ ಲಿಂಕನ್ನನಿಗೆ ಪತ್ರ ಬರೆದು, ತಾವು ಸೈನಿಕರೋ ಕೂಲಿಯಾಳುಗಳೋ ಎಂದು ಕೇಳಿದನು. ಇದೇ ಅನ್ಯಾಯಕ್ಕಾಗಿ ತನ್ನವರೊಡನೆ ಆಯುಧ ಕೆಳಗಿಟ್ಟ 3ನೆಯ ಸೌತ್ ಕೆರೊಲಿನಾ ದಳದ ಸಾರ್ಜೆಂಟ್ ವಿಲಿಯಂ ವಾಕರನನ್ನು 1864ರ ಫೆಬ್ರವರಿ 29ರಂದು ದಂಗೆಯ ಆರೋಪದ ಮೇಲೆ ಗುಂಡಿಕ್ಕಿ ಕೊಲ್ಲಲಾಯಿತು. 54ನೆಯ ದಳದವರು ಆಯುಧ ಬಿಡದೆ, ಸಂಬಳವನ್ನೂ ಪಡೆಯದೆ, ಕಾದುತ್ತಲೇ ಹೋದರು.

1864ರ ಜೂನಿನಲ್ಲಿ ಕಾಂಗ್ರೆಸ್ಸು ಸಮಾನ ವೇತನವನ್ನು ಒಪ್ಪಿತು. ಅಲ್ಲಿಯೂ ಒಂದು ಕೊಕ್ಕೆಯಿತ್ತು. ಸೇರಿದ ದಿನದಿಂದ ಪೂರ್ಣ ಬಾಕಿ ದೊರೆಯುವುದು 1861ರ ಏಪ್ರಿಲ್ 19ರಂದು ಸ್ವತಂತ್ರರಾಗಿದ್ದವರಿಗೆ ಮಾತ್ರ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರೂ ದಳದಲ್ಲಿದ್ದರು. ಕ್ವೇಕರ್ ಮನೆತನದ ದಳಪತಿ ಎಡ್ವರ್ಡ್ ಹ್ಯಾಲೊವೆಲ್ ಒಂದು ಪ್ರಮಾಣವಚನವನ್ನು ರಚಿಸಿದನು: ಆ ದಿನದವರೆಗೆ ಕೂಲಿಯಿಲ್ಲದ ದುಡಿಮೆಯನ್ನು ಯಾವನಿಗೂ ತೀರಿಸಬೇಕಾಗಿರಲಿಲ್ಲ ಎಂದು. ಯಾರ ಬಾಯಲ್ಲೂ ಅದು ಸುಳ್ಳಾಗುವಂತಿರಲಿಲ್ಲ.

ಆ ವರ್ಷದ ಶರತ್ಕಾಲದಲ್ಲಿ ಬಾಕಿ ಪಾವತಿಯಾಯಿತು. ಗುಡಿಂಗ್ ಅದನ್ನು ಕಾಣಲಿಲ್ಲ. ಫೆಬ್ರವರಿಯಲ್ಲಿ ಫ್ಲಾರಿಡಾದ ಓಲಸ್ಟೀ ಕದನದಲ್ಲಿ ಸೆರೆಸಿಕ್ಕ ಆತ, ಜುಲೈನಲ್ಲಿಯೇ ಆಂಡರ್ಸನ್‌ವಿಲ್ ಸೆರೆಮನೆಯಲ್ಲಿ ತೀರಿಕೊಂಡಿದ್ದನು.